ಒಂದೇ ರಾತ್ರಿ ಇದೆ ಅಂದರೆ ಯಾವ ಸ್ಪಾಗೆಟಿ ವೆಸ್ಟರ್ನ್ ನೋಡಬೇಕು?

ಇಟಲಿಯವರು ಮಾಡಿದ ಕೌಬಾಯ್ ಸಿನಿಮಾ, ಅಂದರೆ ಸ್ಪಾಗೆಟಿ ವೆಸ್ಟರ್ನ್, ನೋಡಬೇಕು, ಯಾವುದರಿಂದ ಶುರು ಮಾಡಲಿ ಅಂತ ಯಾರನ್ನು ಕೇಳಿದರೂ ‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ ಅನ್ನುತ್ತಾರೆ. ಅದು ದೊಡ್ಡ ಸಿನಿಮಾ, ಅದರಲ್ಲಿ ಎರಡು ಮಾತಿಲ್ಲ. ಆದರೂ ನಾನು ಅದನ್ನು ಯಾರಿಗೂ ಮೊದಲು ತೋರಿಸುವುದಿಲ್ಲ. ನಮ್ಮ ಭಾವನಿಗೆ ಒಮ್ಮೆ ಹಾಗೆ ತೋರಿಸಿ ನೋಡಿದೆ, ಆಗಲಿಲ್ಲ. ಊಟ ಮುಗಿಸಿ ಒಂಬತ್ತೂವರೆಗೆ ಹಾಕಿದೆವು, ಮೊದಲ ಹತ್ತು ನಿಮಿಷ ಯಾರೂ ಬಾಯೇ ಬಿಡಲಿಲ್ಲ, ಹನ್ನೊಂದರ ಹೊತ್ತಿಗೆ ಭಾವ ಸೋಫಾದಲ್ಲೇ ನಿದ್ದೆ ಹೋಗಿದ್ದರು. ಎರಡು ತಿಂಗಳು ಬಿಟ್ಟು ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ ಹಾಕಿದೆ. ಅದು ಮುಗಿದ ಕೂಡಲೇ “ಇದೇ ತರಹದ್ದು ಇನ್ನೊಂದು ಇದೆಯಾ?” ಅಂತ ಅವರೇ ಕೇಳಿದರು.

ಆದ್ದರಿಂದ ಯಾವುದು ಶ್ರೇಷ್ಠ ಅನ್ನುವ ಜಗಳ ಇಲ್ಲಿ ಬೇಡ. ಯಾವುದು ಯಾರಿಗೆ, ಯಾವ ದಿನಕ್ಕೆ, ಯಾವುದಾದ ಮೇಲೆ ಯಾವುದು, ಅಷ್ಟನ್ನೇ ಹೇಳುತ್ತೇನೆ. ಆರು ಚಿತ್ರ ಇಟ್ಟುಕೊಂಡಿದ್ದೇನೆ. ನಾಲ್ಕು ಸೆರ್ಜಿಯೋ ಲಿಯೋನೆ ನಿರ್ದೇಶಿಸಿದವು, ಎರಡು ಸೆರ್ಜಿಯೋ ಕೊರ್ಬುಚ್ಚಿಯವು. ಇಟಲಿಯಲ್ಲಿ ಇಂಥ ಸಿನಿಮಾಗಳು ನೂರಾರು ಬಂದವು, ಆದರೆ ಈ ಆರು ನೋಡಿದರೆ ಉಳಿದದ್ದನ್ನು ನೀವೇ ಹುಡುಕಿಕೊಳ್ಳುತ್ತೀರಿ.

ಆರಿಸುವುದಕ್ಕೆ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಈ ಸಿನಿಮಾಗಳ ಹೀರೋ ಒಳ್ಳೆಯವನಲ್ಲ. ಹಳೆಯ ಅಮೆರಿಕನ್ ಕೌಬಾಯ್ ಚಿತ್ರಗಳಲ್ಲಿ ಹೀರೋ ಗಡ್ಡ ಬೋಳಿಸಿಕೊಂಡಿರುತ್ತಾನೆ, ಊರಿಗಾಗಿ ಹೋರಾಡುತ್ತಾನೆ, ಕೊನೆಗೆ ಹುಡುಗಿಯನ್ನು ಮದುವೆಯಾಗುತ್ತಾನೆ. ಇಲ್ಲಿ ಬರುವವನು ಎಂಟು ದಿನದ ಗಡ್ಡ ಬಿಟ್ಟುಕೊಂಡು, ಬಾಯಲ್ಲಿ ಅರ್ಧ ಸೇದಿದ ಚುಟ್ಟ ಕಚ್ಚಿಕೊಂಡು, ಯಾರನ್ನೂ ನಂಬದೆ, ಎಲ್ಲಿ ಎಷ್ಟು ದುಡ್ಡು ಸಿಗುತ್ತೆ ಅಂತ ಮಾತ್ರ ನೋಡುತ್ತಾ ಊರೊಳಗೆ ಬರುತ್ತಾನೆ. ಹಾಗಾದರೆ ಇಂಥವನ ಕಥೆ ಎರಡು ಮೂರು ಗಂಟೆ ಯಾಕೆ ನೋಡಬೇಕು? ಯಾಕೆಂದರೆ ಒಳ್ಳೆಯ ಸ್ಪಾಗೆಟಿ ವೆಸ್ಟರ್ನ್ ಎಲ್ಲವೂ ಒಂದು ಪ್ರಶ್ನೆಯನ್ನು ಕೊನೆಯವರೆಗೂ ಹಿಡಿದಿಟ್ಟಿರುತ್ತದೆ: ಈ ಮನುಷ್ಯನಿಗೆ ದುಡ್ಡು ಬಿಟ್ಟು ಬೇರೇನಾದರೂ ಬೇಕಾ? ಆರು ಚಿತ್ರಗಳು ಆರು ತರಹ ಉತ್ತರ ಕೊಡುತ್ತವೆ. ನಿಮಗೆ ಯಾವ ಉತ್ತರ ತಡೆದುಕೊಳ್ಳೋಕೆ ಆಗುತ್ತೆ ಅನ್ನುವುದರ ಮೇಲೆ ಚಿತ್ರ ಆರಿಸಿ. ಕೊನೆಗಳನ್ನು ನಾನು ಬಿಟ್ಟುಕೊಡುವುದಿಲ್ಲ.

ಕೆಲಸದ ದಿನ, ನೂರೇ ನಿಮಿಷ ಇದ್ದರೆ: ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’, 1964

ಎಲ್ಲ ಶುರುವಾದದ್ದು ಇಲ್ಲಿಂದ. ಹಾಗಂತ ಇದೇ ಮೊದಲ ಇಟಾಲಿಯನ್ ವೆಸ್ಟರ್ನ್ ಅಲ್ಲ, ಇದಕ್ಕೂ ಮುಂಚೆ ಬಂದಿದ್ದವು. ಆದರೆ ಮುಖ ಕೊಟ್ಟದ್ದು ಇದು. ಬಜೆಟ್ ಸುಮಾರು 2 ಲಕ್ಷ ಡಾಲರ್. ಕ್ಲಿಂಟ್ ಈಸ್ಟ್‌ವುಡ್ ಆಗ ಅಮೆರಿಕದ ಟಿವಿ ಧಾರಾವಾಹಿಯೊಂದರಲ್ಲಿ ದನ ಕಾಯುವ ಕೌಬಾಯ್ ಪಾತ್ರ ಮಾಡಿಕೊಂಡಿದ್ದ ನಟ. 15 ಸಾವಿರ ಡಾಲರಿಗೆ ಒಪ್ಪಿಕೊಂಡು ಸ್ಪೇನಿಗೆ ಬಂದರು. ಚುಟ್ಟ, ಕಪ್ಪು ಜೀನ್ಸ್, ಸೊಂಟದ ಬೆಲ್ಟು ಎಲ್ಲ ಅವರೇ ತಂದದ್ದು. ಅವರಿಗೆ ಸೇದುವ ಅಭ್ಯಾಸವೇ ಇರಲಿಲ್ಲ, ಆ ಚುಟ್ಟದ ಕಹಿಯೇ ಮುಖದ ಮೇಲೆ ಆ ಗಂಟು ತಂದಿತು. ತಮ್ಮ ಸಂಭಾಷಣೆಗಳನ್ನು ತಾವೇ ಕತ್ತರಿಸಿ ಹಾಕಿದರು. ಮಾತು ಕಡಿಮೆಯಾದಷ್ಟೂ ಆ ಮನುಷ್ಯನ ಮೇಲೆ ನಮ್ಮ ಕುತೂಹಲ ಜಾಸ್ತಿ ಅಲ್ವಾ?

ಕಥೆ ತೀರಾ ಸರಳ. ಗಡಿಯ ಒಂದು ಊರು, ಎರಡು ಕುಟುಂಬ, ಎರಡೂ ಕಳ್ಳವ್ಯಾಪಾರದವು. ಬಂದವನು ಇಬ್ಬರ ಹತ್ತಿರವೂ ದುಡ್ಡು ತಗೊಂಡು ಇಬ್ಬರನ್ನೂ ಹೊಡೆದಾಡಿಸುತ್ತಾನೆ. ಇದು ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ 1961ರಲ್ಲಿ ಮಾಡಿದ ‘ಯೊಜಿಂಬೊ’ದ ಕಥೆ. ಹಕ್ಕು ಕೇಳದೆ ತೆಗೆದುಕೊಂಡದ್ದಕ್ಕೆ ಜಪಾನಿನವರು ಕೇಸು ಹಾಕಿದರು, ಕೊನೆಗೆ ಗಳಿಕೆಯಲ್ಲಿ ಶೇ. 15ರಷ್ಟು ಕೊಟ್ಟು ರಾಜಿ ಆಯಿತು. ಕಥೆ ಅದೇ ಆದ್ದರಿಂದ ‘ಯೊಜಿಂಬೊ’ ಈಗಾಗಲೇ ನೋಡಿದ್ದೀರಿ ಅಂದರೆ ಇದರಲ್ಲಿ ಕಥೆಗಾಗಿ ಕಾಯುವುದು ಏನೂ ಉಳಿದಿರುವುದಿಲ್ಲ. ನೇರವಾಗಿ ಎರಡನೆಯದಕ್ಕೆ ಹೋಗಿ.

ನೋಡದವರಿಗೆ ಒಂದು ದೃಶ್ಯ ಹೇಳುತ್ತೇನೆ. ಅವನು ಊರಿಗೆ ಬಂದ ಕೂಡಲೇ ನಾಲ್ಕು ಜನ ಪುಂಡರು ಅವನ ಹೇಸರಗತ್ತೆಯ ಕಾಲ ಬುಡಕ್ಕೆ ಗುಂಡು ಹಾರಿಸಿ ಅದನ್ನು ಹೆದರಿಸಿ ಓಡಿಸುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಅವನು ಅವರ ಹತ್ತಿರ ವಾಪಸ್ಸು ಹೊರಡುತ್ತಾನೆ. ದಾರಿಯಲ್ಲಿ ಶವಪೆಟ್ಟಿಗೆ ಮಾಡುವ ಮುದುಕನಿಗೆ ಮೂರು ಪೆಟ್ಟಿಗೆ ರೆಡಿ ಮಾಡು ಅನ್ನುತ್ತಾನೆ. ಪುಂಡರ ಮುಂದೆ ನಿಂತು, ನನ್ನ ಹೇಸರಗತ್ತೆಗೆ ಬೇಜಾರಾಗಿದೆ, ಅದರ ಹತ್ತಿರ ಕ್ಷಮೆ ಕೇಳಿ ಅನ್ನುತ್ತಾನೆ. ಅವರು ನಗುತ್ತಾರೆ. ನಗು ನಿಲ್ಲುವಾಗ ಅವನು ತಲೆ ಎತ್ತುತ್ತಾನೆ, ಟೋಪಿಯ ಅಂಚಿನ ಕೆಳಗಿಂದ ಆ ಕಣ್ಣು ಮೊದಲ ಸಲ ಪೂರ್ತಿ ಕಾಣಿಸುತ್ತದೆ. ವಾಪಸ್ಸು ಬರುವಾಗ ಮುದುಕನಿಗೆ ಲೆಕ್ಕ ತಪ್ಪಾಯಿತು, ನಾಲ್ಕು ಅನ್ನುತ್ತಾನೆ. ಒಂದು ಹೊಸ ಬಗೆಯ ಹೀರೋ ಹುಟ್ಟಿದ ಕ್ಷಣ ಇದೇ. ಇವತ್ತಿಗೂ ಆ ದೃಶ್ಯ ಬಂದರೆ ನಾನು ಮುಂದಕ್ಕೆ ಬಾಗಿ ಕೂರುತ್ತೇನೆ.

ದುಡ್ಡು ಬಿಟ್ಟು ಏನು ಬೇಕು ಅನ್ನುವ ಪ್ರಶ್ನೆಗೆ ಇಲ್ಲಿ ಒಂದೇ ಒಂದು ಸಾಲಿನ ಉತ್ತರ ಇದೆ. ಬಲವಂತವಾಗಿ ಹಿಡಿದಿಟ್ಟ ಒಬ್ಬ ತಾಯಿಯನ್ನು ಬಿಡಿಸಿ, ಗಂಡ ಮಗುವಿನ ಜೊತೆ ಕಳಿಸುವಾಗ, ನೀನು ಯಾಕೆ ಇದನ್ನು ಮಾಡುತ್ತಿದ್ದೀಯ ಅಂತ ಕೇಳುತ್ತಾಳೆ. ನಿನ್ನಂಥವಳೊಬ್ಬಳನ್ನು ಒಂದು ಕಾಲಕ್ಕೆ ಬಲ್ಲೆ, ಅವಳಿಗೆ ಆಗ ಸಹಾಯಕ್ಕೆ ಯಾರೂ ಇರಲಿಲ್ಲ ಅನ್ನುತ್ತಾನೆ. ಅಷ್ಟೇ. ಅವಳು ಯಾರು, ಏನಾಯಿತು, ಮತ್ತೆ ಮಾತಿಲ್ಲ. ಇಡೀ ಚಿತ್ರದಲ್ಲಿ ಅವನ ಹಿಂದಿನ ಬದುಕಿಗೆ ಇದೊಂದೇ ಕಿಂಡಿ.

ಕೊರತೆಯೂ ಇದೆ. ಹೀರೋ ಮತ್ತು ವಿಲನ್ ಬಿಟ್ಟರೆ ಬೇರೆ ಪಾತ್ರಗಳು ತೆಳು. ಬಡತನ ಕೆಲವು ಕಡೆ ಕಾಣುತ್ತದೆ, ಹಗಲಲ್ಲೇ ಚಿತ್ರೀಕರಿಸಿ ರಾತ್ರಿ ಅನ್ನಿಸಿದ್ದಾರೆ. ಆದರೂ ಒಂದು ಮಂಗಳವಾರದ ರಾತ್ರಿ ನೋಡಿ ಬೆಳಗ್ಗೆ ಕೆಲಸಕ್ಕೆ ಹೋಗಬಹುದಾದ ಸಿನಿಮಾ ಈ ಪಟ್ಟಿಯಲ್ಲಿ ಇದೊಂದು, ಇನ್ನೊಂದು ‘ಜಾಂಗೋ’.

ನನ್ನ ಉತ್ತರ: ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’, 1965

ಒಂದೇ ರಾತ್ರಿ ಇದೆ, ಒಂದೇ ಸಿನಿಮಾ ನೋಡುತ್ತೇನೆ ಅಂದರೆ ಇದನ್ನೇ ನೋಡಿ. ಸುಮಾರು 2 ಗಂಟೆ 12 ನಿಮಿಷ. ಮೊದಲನೆಯದನ್ನು ನೋಡಿರಲೇಬೇಕು ಅಂತಿಲ್ಲ, ಕಥೆಗೆ ಸಂಬಂಧವೇ ಇಲ್ಲ. ಈಸ್ಟ್‌ವುಡ್ ಅದೇ ಕಂಬಳಿ ಹೊದ್ದುಕೊಂಡಿದ್ದಾರೆ ಅಷ್ಟೇ. ‘ಹೆಸರಿಲ್ಲದ ಮನುಷ್ಯ’ ಅನ್ನುವುದು ಅಮೆರಿಕದ ವಿತರಕರು ಪೋಸ್ಟರಿಗಾಗಿ ಕಟ್ಟಿದ ಮಾತು. ಸಿನಿಮಾಗಳಲ್ಲಿ ಅವನಿಗೆ ಒಂದೊಂದು ಕಡೆ ಒಂದೊಂದು ಹೆಸರಿದೆ. ಮೊದಲನೆಯದರಲ್ಲಿ ಜೋ, ಇದರಲ್ಲಿ ಮೊಂಕೋ, ಮೂರನೆಯದರಲ್ಲಿ ಬ್ಲಾಂಡಿ. ಇಟಾಲಿಯನ್ನಲ್ಲಿ ಮೊಂಕೋ ಅಂದರೆ ಒಂದು ಕೈ ಇಲ್ಲದವನು. ಯಾಕೆ ಆ ಹೆಸರು ಅಂತ ಅವನ ಕೈ ನೋಡಿದರೆ ಗೊತ್ತಾಗುತ್ತೆ. ಕಡ್ಡಿ ಗೀರುವುದು, ಇಸ್ಪೀಟು ಎತ್ತುವುದು, ಕುಡಿಯುವುದು, ಹೊಡೆಯುವುದು ಎಲ್ಲಾ ಎಡಗೈಯಲ್ಲಿ. ಬಲಗೈ ಕಂಬಳಿಯ ಕೆಳಗೆ ಸುಮ್ನೆ ಇರುತ್ತದೆ. ಅದು ಹೊರಗೆ ಬರುವುದು ಪಿಸ್ತೂಲಿಗೆ ಮಾತ್ರ.

ಇವನಿಗೆ ಎದುರಾಗಿ ಒಬ್ಬ ವಯಸ್ಸಾದ ಕರ್ನಲ್ ಇದ್ದಾನೆ. ಲೀ ವ್ಯಾನ್ ಕ್ಲೀಫ್. ಹಾಲಿವುಡ್ಡಿನಲ್ಲಿ ಚಿಕ್ಕ ಚಿಕ್ಕ ಖಳ ಪಾತ್ರ ಮಾಡಿ, ಅವಕಾಶ ನಿಂತು, ಚಿತ್ರ ಬರೆದುಕೊಂಡು ಜೀವನ ಮಾಡುತ್ತಿದ್ದ ನಟ. ಲಿಯೋನೆ ಅವರನ್ನು ಹುಡುಕಿಕೊಂಡು ಹೋದರು. ಹದ್ದಿನ ಮೂಗು, ಸಣ್ಣ ಕಣ್ಣು, ಕಪ್ಪು ಕೋಟು, ಕುದುರೆಯ ಜೀನಿನ ಮೇಲೆ ಸುರುಳಿ ಸುತ್ತಿದ ಬಟ್ಟೆಯಲ್ಲಿ ಸಾಲಾಗಿ ಜೋಡಿಸಿದ ಬಂದೂಕುಗಳು. ಇಬ್ಬರ ಕಸುಬೂ ಒಂದೇ: ಸರ್ಕಾರ ತಲೆಗೆ ಬೆಲೆ ಕಟ್ಟಿದ ಅಪರಾಧಿಗಳನ್ನು ಹುಡುಕಿ ಕೊಂದು ಇನಾಮು ತೆಗೆದುಕೊಳ್ಳುವುದು. ಇಬ್ಬರ ಕಣ್ಣೂ ಇಂಡಿಯೋ ಅನ್ನುವ ದರೋಡೆಕೋರನ ಮೇಲೆ. ಅವನ ತಲೆಗೆ 10 ಸಾವಿರ ಡಾಲರ್.

ಎಲ್ ಪಾಸೋ ಊರಲ್ಲಿ ಒಂದು ರಾತ್ರಿ ಇಬ್ಬರೂ ಮುಖಾಮುಖಿ ಆಗುತ್ತಾರೆ. ಮೊಂಕೋ ಕರ್ನಲ್ಲನ ಪಾಲಿಶ್ ಮಾಡಿದ ಬೂಟು ತುಳಿಯುತ್ತಾನೆ. ಕರ್ನಲ್ ಇವನ ಬೂಟು ತುಳಿಯುತ್ತಾನೆ. ಒಂದು ಏಟು ಬೀಳುತ್ತೆ, ಕರ್ನಲ್ಲನ ಟೋಪಿ ಹಾರುತ್ತೆ. ಅವನು ಎತ್ತಿಕೊಳ್ಳಲು ಬಗ್ಗಿದಾಗಲೆಲ್ಲ ಮೊಂಕೋ ಗುಂಡು ಹೊಡೆದು ಟೋಪಿಯನ್ನು ಇನ್ನಷ್ಟು ದೂರ ಹಾರಿಸುತ್ತಾನೆ. ಕರ್ನಲ್ ಸಿಟ್ಟಾಗುವುದಿಲ್ಲ, ಅವಸರ ಇಲ್ಲ, ನಡೆಯುತ್ತಾ ಹೋಗುತ್ತಾನೆ. ಒಂದು ಕಡೆ ಗುಂಡು ಟೋಪಿಯನ್ನು ಮುಟ್ಟುವುದು ನಿಲ್ಲುತ್ತದೆ. ಮೊಂಕೋನ ಪಿಸ್ತೂಲು ಅಷ್ಟು ದೂರ ತಲುಪುವುದಿಲ್ಲ. ಆಗ ಕರ್ನಲ್ ತಿರುಗಿ, ಉದ್ದ ನಳಿಗೆಯ ತನ್ನ ಪಿಸ್ತೂಲು ತೆಗೆದು, ಮೊಂಕೋನ ಟೋಪಿಯನ್ನು ಗಾಳಿಯಲ್ಲೇ ಕುಣಿಸುತ್ತಾನೆ. ಮೂರು ಹುಡುಗರು ಅಡಗಿ ಕೂತು ಇದನ್ನೆಲ್ಲ ನೋಡುತ್ತಿರುತ್ತಾರೆ, ನಾವು ಆಡುವ ಆಟದ ಹಾಗೇ ಇದೆ ಅನ್ನುತ್ತಾರೆ. ಅಲ್ಲಿ ಒಂದೇ ಒಂದು ಸಾಲು ಉಪದೇಶ ಇಲ್ಲದೆ ವಯಸ್ಸು, ಅನುಭವ, ತಾಳ್ಮೆ ಎಲ್ಲ ಬಂದುಹೋಗುತ್ತದೆ. ಆ ದೃಶ್ಯ ಮುಗಿಯುವಾಗ ಇಬ್ಬರಿಗೂ ಪರಸ್ಪರ ಗೌರವ ಹುಟ್ಟಿರುತ್ತದೆ, ನಮಗೂ ಹುಟ್ಟಿರುತ್ತದೆ.

ಇನ್ನೊಂದು ಸಣ್ಣ ದೃಶ್ಯ. ಇಂಡಿಯೋನ ಗುಂಪಿನ ಒಬ್ಬ ಗೂನು ಬೆನ್ನಿನವನ ಮೇಲೆ, ಕ್ಲಾಸ್ ಕಿನ್ಸ್ಕಿ ಮಾಡಿದ ಪಾತ್ರ ಅದು, ಕರ್ನಲ್ ಕಡ್ಡಿ ಗೀರಿ ಪೈಪು ಹಚ್ಚಿಕೊಳ್ಳಲು ಹೋಗುತ್ತಾನೆ. ಗೂನಿನ ಮೇಲೇ ಗೀರುತ್ತಾನೆ. ಕಿನ್ಸ್ಕಿಯ ಕೆನ್ನೆ ಅದುರುತ್ತದೆ, ತುಟಿ ನಡುಗುತ್ತದೆ, ಆದರೂ ಕೈ ಎತ್ತುವುದಿಲ್ಲ. ಇಷ್ಟು ಅವಮಾನ ನುಂಗಿಕೊಂಡಿದ್ದಾನೆ ಅಂದರೆ ಇವರು ಇಲ್ಲಿ ಯಾವುದೋ ದೊಡ್ಡ ಕೆಲಸಕ್ಕೇ ಬಂದಿದ್ದಾರೆ ಅಂತ ಕರ್ನಲ್ಲನಿಗೆ ಅಲ್ಲೇ ಖಾತ್ರಿಯಾಗುತ್ತದೆ.

ನಾನು ಇದನ್ನು ಮೊದಲು ಇಡುವ ಕಾರಣ ಆ ಪ್ರಶ್ನೆಯೇ. ಇಲ್ಲಿ ಒಬ್ಬನಿಗೆ ದುಡ್ಡು ಮಾತ್ರ ಬೇಕು. ಇನ್ನೊಬ್ಬನಿಗೆ ದುಡ್ಡಿಗಿಂತ ಬೇರೆ ಏನೋ ಬೇಕು, ಅದು ಏನು ಅನ್ನುವುದು ಒಂದು ಜೇಬುಗಡಿಯಾರದ ಒಳಗಿದೆ. ಮುಚ್ಚಳ ತೆಗೆದರೆ ಆ ಗಡಿಯಾರ ಒಂದು ಪುಟ್ಟ ರಾಗ ನುಡಿಯುತ್ತದೆ. ಇಂಡಿಯೋ ಅದನ್ನು ತೆಗೆದು ಎದುರಿಗೆ ನಿಂತವನಿಗೆ ಹೇಳುತ್ತಾನೆ, ರಾಗ ನಿಂತ ತಕ್ಷಣ ಗುಂಡು ಹೊಡಿ ಅಂತ. ಆ ರಾಗ ನಿಧಾನ ಆಗುತ್ತಾ ಹೋದಂತೆ ಸಂಗೀತ ನಿರ್ದೇಶಕ ಎನ್ನಿಯೋ ಮೊರಿಕೋನೆ ಅದರ ಕೆಳಗಿನಿಂದ ಚರ್ಚಿನ ಆರ್ಗನ್ ಎಬ್ಬಿಸುತ್ತಾರೆ. ಯಾರನ್ನೂ ಹಚ್ಚಿಕೊಳ್ಳದ ಮನುಷ್ಯ ಇನ್ನೊಬ್ಬನ ನೋವಿಗೆ ಸಾಕ್ಷಿಯಾಗಿ ನಿಲ್ಲುವುದು ಹೇಗಿರುತ್ತದೆ ಅಂತ ಈ ಸಿನಿಮಾದ ಕೊನೆಯ ಹದಿನೈದು ನಿಮಿಷದಲ್ಲಿ ನೋಡಿ.

‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’, 1966: ಮೊದಲನೆಯದಲ್ಲ, ಎರಡನೆಯದಾಗಿ

ಈಗ ಇದು. ಲಿಯೋನೆಯ ಲಯ ನಿಮಗೆ ಒಮ್ಮೆ ಹಿಡಿಸಿತು ಅಂದರೆ ಈ ಎರಡೂ ಮುಕ್ಕಾಲು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದೆ. 2 ಲಕ್ಷ ಡಾಲರ್ ಬೆಲೆಯ ಚಿನ್ನ ಒಂದು ಸ್ಮಶಾನದಲ್ಲಿ ಹೂತಿದೆ. ಒಬ್ಬನಿಗೆ ಸ್ಮಶಾನದ ಹೆಸರು ಗೊತ್ತು, ಇನ್ನೊಬ್ಬನಿಗೆ ಗೋರಿಯ ಮೇಲಿನ ಹೆಸರು ಗೊತ್ತು. ಇಬ್ಬರಿಗೂ ಒಬ್ಬರನ್ನೊಬ್ಬರು ಕೊಲ್ಲುವ ಆಸೆ, ಆದರೆ ಕೊಂದರೆ ಚಿನ್ನ ಇಲ್ಲ. ಮೂರನೆಯವನು ಇಬ್ಬರ ಹಿಂದೆ. ಕಥೆಯ ಈ ಕೀಲು ಎಷ್ಟು ಗಟ್ಟಿ ಇದೆ ಅಂದರೆ ಅದರ ಮೇಲೆ ಲಿಯೋನೆ ಏನು ಬೇಕಾದರೂ ಹೇರಿದ್ದಾರೆ: ಯುದ್ಧಕೈದಿಗಳ ಶಿಬಿರ, ಸೇತುವೆಗಾಗಿ ದಿನಾ ಸಾಯುವ ಸೈನಿಕರು, ಮಠ, ಮರುಭೂಮಿ.

ಇದನ್ನು ಈಸ್ಟ್‌ವುಡ್ ಸಿನಿಮಾ ಅಂದುಕೊಂಡು ಹೋಗಬೇಡಿ. ಇದು ಈಲೈ ವಾಲಕ್ ಅವರ ಸಿನಿಮಾ. ಅವರ ಪಾತ್ರ ಟುಕೋ ಅನ್ನುವ ಕಳ್ಳ, ಬಾಯಿಬಡುಕ, ಸುಳ್ಳುಗಾರ, ಮಾತುಮಾತಿಗೆ ಎದೆಯ ಮೇಲೆ ಶಿಲುಬೆ ಗೀಚಿಕೊಳ್ಳುವವನು. ನನಗೆ ಈ ಆರೂ ಚಿತ್ರಗಳಲ್ಲಿ ಅತಿ ಇಷ್ಟವಾದ ದೃಶ್ಯ ಇವನದೇ, ಅದರಲ್ಲಿ ಒಂದೂ ಗುಂಡು ಹಾರುವುದಿಲ್ಲ. ಮಠದಲ್ಲಿ ಪಾದ್ರಿಯಾಗಿರುವ ಅಣ್ಣನನ್ನು ಟುಕೋ ಒಂಬತ್ತು ವರ್ಷದ ಮೇಲೆ ನೋಡುತ್ತಾನೆ. ಅಮ್ಮ ಸತ್ತು ಎಷ್ಟೋ ಕಾಲ ಆಗಿದೆ, ಅಪ್ಪ ಈಚೆಗೆ ಹೋದ ಅಂತ ಅಲ್ಲಿ ಗೊತ್ತಾಗುತ್ತೆ. ಅಣ್ಣ ತಮ್ಮ ಜಗಳ ಆಡುತ್ತಾರೆ, ಕೈ ಮಿಲಾಯಿಸುತ್ತಾರೆ. ಬ್ಲಾಂಡಿ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿರುತ್ತಾನೆ. ಆಮೇಲೆ ಗಾಡಿಯಲ್ಲಿ ಕೂತು ಟುಕೋ, ನನ್ನ ಅಣ್ಣ ಹೋಗೋಕೇ ಬಿಡಲಿಲ್ಲ, ನನ್ನ ಕಂಡರೆ ಪ್ರಾಣ, ನನ್ನಂಥ ಅಲೆಮಾರಿಗೂ ಒಂದು ಬಟ್ಟಲು ಸೂಪು ಕೊಡೋ ಅಣ್ಣ ಇದ್ದಾನೆ ಅಂತ ಹೇಳಿಕೊಳ್ಳುತ್ತಾನೆ. ಬ್ಲಾಂಡಿ ಆ ಸುಳ್ಳನ್ನು ಎತ್ತಿ ತೋರಿಸುವುದಿಲ್ಲ. ಊಟ ಆದ ಮೇಲೆ ಒಂದು ಚುಟ್ಟ ಇದ್ದರೆ ಚೆನ್ನ ಅನ್ನುತ್ತಾ ತಾನು ಸೇದುತ್ತಿದ್ದದ್ದನ್ನೇ ಕೊಡುತ್ತಾನೆ. ಟುಕೋನ ಮುಖ ಸಪ್ಪಗಿರುತ್ತದೆ, ಒಂದು ದಮ್ಮು ಎಳೆಯುತ್ತಾನೆ, ಮೆಲ್ಲಗೆ ನಗು ಬರುತ್ತದೆ. ದುಡ್ಡು ಬಿಟ್ಟು ಏನು ಬೇಕು ಅನ್ನುವುದಕ್ಕೆ ಈ ಸಿನಿಮಾ ಕೊಡುವ ಉತ್ತರ ಇಂಥ ಚುಟ್ಟಗಳಲ್ಲಿದೆ. ಸಾಯುತ್ತಿರುವ ಒಬ್ಬ ಹುಡುಗ ಸೈನಿಕನಿಗೂ ಬ್ಲಾಂಡಿ ಇದೇ ರೀತಿ ಒಂದು ದಮ್ಮು ಕೊಡುತ್ತಾನೆ, ತನ್ನ ಕೋಟು ತೆಗೆದು ಹೊದಿಸುತ್ತಾನೆ.

ಚಿತ್ರೀಕರಣದ ಕಥೆಗಳೂ ದೊಡ್ಡವೇ. ಸೇತುವೆ ಉಡಾಯಿಸುವ ದೃಶ್ಯಕ್ಕೆ ಸ್ಪೇನಿನ ಸೈನ್ಯದವರು ಸಹಾಯ ಮಾಡಿದ್ದರು. ಸನ್ನೆ ತಪ್ಪಿ ಅರ್ಥವಾಗಿ ಕ್ಯಾಮೆರಾ ಓಡುವ ಮುಂಚೆಯೇ ಸೇತುವೆ ಸಿಡಿದುಹೋಯಿತು. ಸೈನಿಕರೇ ಮತ್ತೆ ಕಟ್ಟಿಕೊಟ್ಟರು, ಎರಡನೆಯ ಸಲ ಉಡಾಯಿಸಿದ್ದು ನಾವು ನೋಡುವುದು. ಕೊನೆಯ ದೃಶ್ಯದ ಸ್ಯಾಡ್ ಹಿಲ್ ಸ್ಮಶಾನವನ್ನೂ ಸೈನಿಕರೇ ಕಟ್ಟಿದ್ದು, ಬುರ್ಗೋಸ್ ಪ್ರಾಂತ್ಯದಲ್ಲಿ, ಸುಮಾರು 5 ಸಾವಿರ ಸುಳ್ಳು ಗೋರಿಗಳು ಸುತ್ತು ಸುತ್ತಾಗಿ. ಅರ್ಧ ಶತಮಾನ ಅದು ಮಣ್ಣು ಹುಲ್ಲಿನ ಕೆಳಗೆ ಮುಚ್ಚಿಹೋಗಿತ್ತು. 2015ರಿಂದ ಅಭಿಮಾನಿಗಳು ಗುದ್ದಲಿ ಹಿಡಿದು ಬಂದು ಮತ್ತೆ ಅಗೆದು ನಿಲ್ಲಿಸಿದ್ದಾರೆ. ಒಂದು ಸಿನಿಮಾದ ಸೆಟ್ಟಿಗೆ ಜನ ಇಷ್ಟು ಪ್ರೀತಿ ತೋರಿಸಿದ್ದನ್ನು ನೆನೆಸಿಕೊಂಡರೆ ನನಗೆ ಗಂಟಲು ಕಟ್ಟುತ್ತದೆ.

ಒಂದು ಎಚ್ಚರಿಕೆ: ಇದರ ಎರಡು ಆವೃತ್ತಿ ಓಡಾಡುತ್ತಿವೆ. ಮೊದಲ ಸಲ ನೋಡುವವರು 161 ನಿಮಿಷದ್ದನ್ನೇ ನೋಡಿ. 2003ರಲ್ಲಿ ಬಿಟ್ಟುಹೋದ ದೃಶ್ಯಗಳನ್ನು ಸೇರಿಸಿ ಸುಮಾರು ಮೂರು ಗಂಟೆಯದನ್ನು ಮಾಡಿದರು, ಆ ದೃಶ್ಯಗಳಿಗೆ ಈಸ್ಟ್‌ವುಡ್ ಮತ್ತು ವಾಲಕ್ ವಯಸ್ಸಾದ ಮೇಲೆ ಧ್ವನಿ ಕೊಟ್ಟಿದ್ದಾರೆ. ಈಸ್ಟ್‌ವುಡ್ ಅವರ ಮೂವತ್ತರ ಹರೆಯದ ಮುಖದಿಂದ ಎಪ್ಪತ್ತು ದಾಟಿದವರ ಧ್ವನಿ ಬರುತ್ತದೆ. ಎರಡನೆಯ ಸಲಕ್ಕೆ ಅದನ್ನು ಇಟ್ಟುಕೊಳ್ಳಿ.

ಹೀರೋಗಿಂತ ಹೆಂಗಸು ದೊಡ್ಡವಳಾಗಿರುವ ಒಂದೇ ಒಂದು

‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’, 1968. ಮೇಲಿನ ಮೂರರಲ್ಲಿ ಹೆಂಗಸರಿಗೆ ಮಾಡಲು ಕೆಲಸವೇ ಇಲ್ಲ. ಇದರಲ್ಲಿ ಕ್ಲಾಡಿಯಾ ಕಾರ್ಡಿನಾಲೆ ಇದ್ದಾರೆ, ಕಥೆಯೇ ಅವರದು. ಹೊಸದಾಗಿ ಮದುವೆಯಾಗಿ ರೈಲು ಇಳಿಯುತ್ತಾಳೆ. ಮನೆ ಮುಟ್ಟುವ ಹೊತ್ತಿಗೆ ಗಂಡ, ಮಕ್ಕಳು ಎಲ್ಲರ ಹೆಣ ಅಂಗಳದ ಮೇಜಿನ ಮೇಲೆ ಮಲಗಿಸಿರುತ್ತಾರೆ. ಅಲ್ಲಿಂದ ಅವಳು ಆ ಜಮೀನು ಬಿಟ್ಟು ಹೋಗುವುದಿಲ್ಲ. ಅವಳನ್ನು ಗಂಡಸರು ನಡೆಸಿಕೊಳ್ಳುವ ಕೆಲವು ದೃಶ್ಯ ನೋಡಲು ಹಿಂಸೆಯಾಗುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಕೊಲೆಗಾರ ಹೆನ್ರಿ ಫೋಂಡಾ. ಅಮೆರಿಕದವರಿಗೆ ಆತ ಸಜ್ಜನಿಕೆಯ ಮುಖ. ಖಳನ ಪಾತ್ರ ಅಂತ ಕಂದು ಬಣ್ಣದ ಲೆನ್ಸ್ ಹಾಕಿಕೊಂಡು ಸೆಟ್ಟಿಗೆ ಬಂದಿದ್ದರಂತೆ. ಲಿಯೋನೆ ತೆಗೆಸಿದರು. ಅವರಿಗೆ ಬೇಕಿದ್ದದ್ದೇ ಆ ತಿಳಿ ನೀಲಿ ಕಣ್ಣು. ಒಂದು ಮಗುವಿನ ಎದುರು ನಿಂತ ಕೊಲೆಗಾರನ ಸುತ್ತ ಕ್ಯಾಮೆರಾ ನಿಧಾನವಾಗಿ ತಿರುಗಿ ಮುಖಕ್ಕೆ ಬರುತ್ತದೆ, ಅಲ್ಲಿ ಆ ಕಣ್ಣು ನಗುತ್ತಿರುತ್ತದೆ. ಈ ದೃಶ್ಯ ನೋಡುವಾಗ ನಿಮಗೆ ‘ಶೋಲೆ’ಯಲ್ಲಿ ಗಬ್ಬರ್ ಠಾಕೂರನ ಮನೆಯವರನ್ನೆಲ್ಲ ಕೊಲ್ಲುವುದು ನೆನಪಾಗುತ್ತದೆ, ನೆನಪಾಗಲೇಬೇಕು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಆ 1975ರ ಸಿನಿಮಾದ ಬೇರು ಇಲ್ಲಿದೆ. ಒಂದನ್ನು ಬಾಯಿಪಾಠ ಮಾಡಿಕೊಂಡು ಬೆಳೆದವರು ಇನ್ನೊಂದನ್ನು ನೋಡದೆ ಇರಬಾರದು.

ಆದರೆ ಇದು ನಿಧಾನದ ಸಿನಿಮಾ. ಶುರುವಿಗೆ ಮೂವರು ಒಂದು ರೈಲ್ವೆ ಸ್ಟೇಷನ್ನಿನಲ್ಲಿ ಕಾಯುತ್ತಾರೆ. ಒಬ್ಬನ ಮುಖದ ಮೇಲೆ ನೊಣ ಕೂರುತ್ತದೆ, ಅದನ್ನು ಪಿಸ್ತೂಲಿನ ನಳಿಗೆಯೊಳಗೆ ಹಿಡಿದು ಕಿವಿಗಿಟ್ಟು ಅದರ ಗುಂಯ್ ಕೇಳುತ್ತಾನೆ. ಇನ್ನೊಬ್ಬನ ತಲೆಯ ಮೇಲೆ ಟ್ಯಾಂಕಿನಿಂದ ನೀರು ತೊಟ್ಟಿಕ್ಕುತ್ತದೆ, ಟೋಪಿಯ ಅಂಚಿನಲ್ಲಿ ತುಂಬಿಸಿಕೊಂಡು ಕುಡಿಯುತ್ತಾನೆ. ಮೂರನೆಯವನು ಬೆರಳು ಮುರಿಯುತ್ತಾನೆ. ಹಿಂದೆ ಗಾಳಿಯಂತ್ರ ಎಣ್ಣೆಯಿಲ್ಲದೆ ಕಿರುಗುಟ್ಟುತ್ತದೆ. ಇಷ್ಟೇ, ನಿಮಿಷಗಟ್ಟಲೆ. ಇದನ್ನು ಓದುವಾಗಲೇ ನಿಮಗೆ ಆಸೆ ಹುಟ್ಟಿದರೆ ಈ ಸಿನಿಮಾ ನಿಮ್ಮದು. ಇದರಲ್ಲಿ ಏನಿದೆ ಅನ್ನಿಸಿದರೆ ಇನ್ನೂ ಎರಡು ಲಿಯೋನೆ ನೋಡಿಕೊಂಡು ಬನ್ನಿ. ಮೊರಿಕೋನೆ ಇದರ ಸಂಗೀತವನ್ನು ಚಿತ್ರೀಕರಣಕ್ಕೆ ಮುಂಚೆಯೇ ಮಾಡಿಕೊಟ್ಟಿದ್ದರು, ಲಿಯೋನೆ ಅದನ್ನು ಸೆಟ್ಟಿನಲ್ಲಿ ಹಾಕಿ ನಟರನ್ನು ನಡೆಸಿದರು. ಕಾರ್ಡಿನಾಲೆ ಸ್ಟೇಷನ್ನಿನಿಂದ ಊರಿಗೆ ನಡೆದು ಬರುವಾಗ ಕ್ಯಾಮೆರಾ ಮಾಡಿನ ಮೇಲೆ ಏರುವುದು ಎಡ್ಡಾ ಡೆಲ್ ಓರ್ಸೊ ಅವರ ಕಂಠದ ಜೊತೆ ಜೊತೆಗೇ ಆಗುತ್ತದೆ, ಕೇಳಿ.

ಕೊರ್ಬುಚ್ಚಿಯ ಎರಡು: ಕೆಸರು ಮತ್ತು ಹಿಮ

ಲಿಯೋನೆಯಲ್ಲಿ ಬಿಸಿಲು, ಧೂಳು. ಸ್ಪೇನಿನ ಅಲ್ಮೇರಿಯಾದ ತಬೆರ್ನಾಸ್ ಮರಳುಗಾಡು ಅದು, ಅಲ್ಲಿ ಕಟ್ಟಿದ ಊರಿನ ಸೆಟ್ಟಿಗೆ ಇವತ್ತಿಗೂ ಪ್ರವಾಸಿಗಳು ಹೋಗುತ್ತಾರೆ. ಕೊರ್ಬುಚ್ಚಿಯಲ್ಲಿ ಇನ್ನೊಂದು ಲೋಕ.

‘ಜಾಂಗೋ’, 1966, ಒಂದೂವರೆ ಗಂಟೆ. ಒಬ್ಬ ಮನುಷ್ಯ ಹೆಗಲಿಗೆ ಹಗ್ಗ ಹಾಕಿಕೊಂಡು ಶವಪೆಟ್ಟಿಗೆಯನ್ನು ಕೆಸರಿನಲ್ಲಿ ಎಳೆದುಕೊಂಡು ಬರುತ್ತಾನೆ. ಕುದುರೆ ಇಲ್ಲ. ಪೆಟ್ಟಿಗೆಯಲ್ಲಿ ಏನಿದೆ ಅಂತ ಹೇಳುವುದಿಲ್ಲ. ಫ್ರಾಂಕೋ ನೀರೋಗೆ ಆಗ ಇಪ್ಪತ್ತನಾಲ್ಕು ವರ್ಷ. ರಕ್ತಪಾತ ಎಷ್ಟಿತ್ತು ಅಂದರೆ ಬ್ರಿಟನ್ನಿನಲ್ಲಿ 1993ರವರೆಗೂ ಇದಕ್ಕೆ ಸರ್ಟಿಫಿಕೇಟ್ ಸಿಗಲಿಲ್ಲ. ಕಿವಿ ಕತ್ತರಿಸುವ ಒಂದು ದೃಶ್ಯ ಇದೆ, ಆಗದವರು ಕಣ್ಣು ಮುಚ್ಚಿಕೊಳ್ಳಿ. ಇದು ಎಷ್ಟು ಓಡಿತು ಅಂದರೆ ಸಂಬಂಧವೇ ಇಲ್ಲದ ಎಷ್ಟೋ ಸಿನಿಮಾಗಳಿಗೆ ಬೇರೆಯವರು ಜಾಂಗೋ ಅಂತ ಹೆಸರಿಟ್ಟು ಬಿಟ್ಟರು. ನೀರೋ ಇಲ್ಲದ ಜಾಂಗೋ ಕಂಡರೆ ಸದ್ಯಕ್ಕೆ ದಾಟಿ ಹೋಗಿ. ಕಥೆ ಒರಟು, ಲಿಯೋನೆಯ ಹದ ಇಲ್ಲ, ಆದರೆ ವೇಗ ಇದೆ. ಗೆಳೆಯರ ಜೊತೆ ಕೂತು ನೋಡಲು ಆರರಲ್ಲಿ ಇದೇ ಸರಿ.

‘ದ ಗ್ರೇಟ್ ಸೈಲೆನ್ಸ್’ ಬಂದದ್ದು 1968ರಲ್ಲಿ. ಇದನ್ನು ನಾನು ಹುಷಾರಾಗಿ ಶಿಫಾರಸು ಮಾಡುತ್ತೇನೆ, ಯಾಕೆಂದರೆ ಇದು ಮನಸ್ಸಿನಿಂದ ಇಳಿಯುವುದಿಲ್ಲ. ಇಟಲಿಯ ಡೊಲೊಮೈಟ್ಸ್ ಬೆಟ್ಟಗಳ ಹಿಮದಲ್ಲಿ ತೆಗೆದದ್ದು, ಕಥೆ ಅಮೆರಿಕದ ಯೂಟಾದಲ್ಲಿ ನಡೆಯುತ್ತದೆ. ಹಸಿವಿಗೆ ಕಳ್ಳತನ ಮಾಡಿದ ಬಡವರು ಬೆಟ್ಟದಲ್ಲಿ ಅಡಗಿದ್ದಾರೆ, ಅವರ ತಲೆಗಳ ಮೇಲೆ ಬೆಲೆ ಇದೆ. ಕಿನ್ಸ್ಕಿ ಅವರನ್ನು ಬೇಟೆಯಾಡಿ ಹೆಣಗಳನ್ನು ಹಿಮದಲ್ಲಿ ಹೂತಿಟ್ಟು, ಆಮೇಲೆ ತೆಗೆದು ಇನಾಮು ತೆಗೆದುಕೊಳ್ಳುತ್ತಾನೆ. ಎಲ್ಲ ಕಾನೂನಿನ ಪ್ರಕಾರ. ‘ಫಾರ್ ಎ ಫ್ಯೂ ಡಾಲರ್ಸ್ ಮೋರ್’ನಲ್ಲಿ ನಾವು ಚಪ್ಪಾಳೆ ತಟ್ಟಿದ ಕಸುಬು ಇದೇ ಅಲ್ವಾ? ಮೂರು ವರ್ಷದ ನಂತರ ಕೊರ್ಬುಚ್ಚಿ ಅದೇ ಕಸುಬನ್ನು ಕೊಲ್ಲಿಸಿಕೊಳ್ಳುವವರ ಕಡೆ ನಿಂತು ತೋರಿಸಿದರು. ಕಿನ್ಸ್ಕಿಯ ಎದುರಿಗೆ ನಿಲ್ಲುವವನಿಗೆ ಮಾತೇ ಬರುವುದಿಲ್ಲ. ಜಾನ್-ಲೂಯಿ ತ್ರಾಂತಿನ್ಯಾನ್ ಇಡೀ ಸಿನಿಮಾದಲ್ಲಿ ಒಂದು ಶಬ್ದ ಆಡುವುದಿಲ್ಲ. ಅವನೂ ದುಡ್ಡಿಗೇ ಕೆಲಸ ಮಾಡುವವನು. ಗಂಡನನ್ನು ಕಳೆದುಕೊಂಡ ಕಪ್ಪು ಹೆಂಗಸೊಬ್ಬಳು, ವೊನೆಟಾ ಮಕ್ಗೀ, ಅವನಿಗೆ ಕೊಡಲು ದುಡ್ಡಿಲ್ಲದೆ ನಿಂತಾಗ ಏನಾಗುತ್ತದೆ ಅನ್ನುವುದು ಕಥೆ. ಈ ಸಿನಿಮಾಕ್ಕೆ ಇನ್ನೊಂದು ಸುಖದ ಕೊನೆಯನ್ನೂ ಚಿತ್ರೀಕರಿಸಿದ್ದರು. ಅದು ಸಿಕ್ಕಿದರೂ ಮೊದಲು ನೋಡಬೇಡಿ, ಕೊರ್ಬುಚ್ಚಿ ಇಟ್ಟ ಕೊನೆಯನ್ನೇ ನೋಡಿ.

ನೋಡುವ ಮುಂಚೆ ತಿಳಿದಿರಬೇಕಾದ ಎರಡು ಮೂರು ವಿಷಯ

ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ. ನಿಮ್ಮ ಟಿವಿ ಕೆಟ್ಟಿಲ್ಲ. ಸೆಟ್ಟಿನಲ್ಲಿ ಅಮೆರಿಕದವರು, ಇಟಲಿಯವರು, ಸ್ಪೇನಿನವರು, ಜರ್ಮನರು ಅವರವರ ಭಾಷೆಯಲ್ಲೇ ಮಾತಾಡುತ್ತಿದ್ದರು, ಧ್ವನಿಯನ್ನು ಆಮೇಲೆ ಕೂರಿಸುತ್ತಿದ್ದರು. ಹಾಗಾಗಿ ‘ಮೂಲ ಭಾಷೆ’ ಅಂತ ಒಂದಿಲ್ಲ. ಲಿಯೋನೆಯ ನಾಲ್ಕನ್ನೂ ಇಂಗ್ಲಿಷಿನಲ್ಲಿ ನೋಡಿ, ಈಸ್ಟ್‌ವುಡ್, ವ್ಯಾನ್ ಕ್ಲೀಫ್, ವಾಲಕ್, ಫೋಂಡಾ ಎಲ್ಲರ ಸ್ವಂತ ಧ್ವನಿ ಸಿಗುತ್ತದೆ. ಕೊರ್ಬುಚ್ಚಿಯ ಎರಡನ್ನು ಇಟಾಲಿಯನ್ನಿನಲ್ಲಿ, ಸಬ್‌ಟೈಟಲ್ ಹಾಕಿಕೊಂಡು ನೋಡುವುದು ನನಗೆ ಇಷ್ಟ.

ಮೊಬೈಲಿನಲ್ಲಿ ಮಾತ್ರ ನೋಡಬೇಡಿ, ದಯವಿಟ್ಟು. ಲಿಯೋನೆ ಬಳಸಿದ್ದು ಟೆಕ್ನಿಸ್ಕೋಪ್. ಅರ್ಧ ಫಿಲ್ಮ್ ಖರ್ಚಿನಲ್ಲಿ ಅಗಲ ಪರದೆಯ ಚಿತ್ರ ಸಿಗುವ, ದುಡ್ಡಿಲ್ಲದವರ ಉಪಾಯ ಅದು. ಆ ಅಗಲದಲ್ಲಿ ಅವರು ಒಂದು ಕಡೆ ಎರಡು ಕಣ್ಣುಗಳನ್ನು ತುಂಬಿಸುತ್ತಾರೆ, ಮರುಕ್ಷಣ ಇರುವೆಯಷ್ಟು ಸಣ್ಣ ಮನುಷ್ಯನನ್ನು ಮರಳುಗಾಡಿನ ಮೂಲೆಯಲ್ಲಿಡುತ್ತಾರೆ. ಅಂಗೈಯಗಲದ ಪರದೆಯಲ್ಲಿ ಆ ಎರಡನೆಯ ಮನುಷ್ಯ ಕಾಣುವುದೇ ಇಲ್ಲ. ಇರುವುದರಲ್ಲಿ ದೊಡ್ಡ ಟಿವಿ, ಲೈಟು ಆರಿಸಿ, ಸೌಂಡು ಸ್ವಲ್ಪ ಜಾಸ್ತಿ.

ಚಿಕ್ಕ ಮಕ್ಕಳ ಜೊತೆ ಆರರಲ್ಲಿ ಯಾವುದನ್ನೂ ನೋಡುವುದು ಬೇಡ. ಪಿಯುಸಿ ಓದುವ ಮಕ್ಕಳಿದ್ದರೆ ಮೊದಲ ಮೂರಕ್ಕೆ ಅಡ್ಡಿಯಿಲ್ಲ, ಆದರೆ ಎರಡನೆಯದರಲ್ಲಿ ಇಂಡಿಯೋನ ನೆನಪಿನ ದೃಶ್ಯಗಳ ಬಗ್ಗೆ ನೀವು ಮೊದಲು ಒಬ್ಬರೇ ನೋಡಿ ತೀರ್ಮಾನ ಮಾಡಿ.

ನಮ್ಮ ಭಾವ ಈಗ ಐದು ಮುಗಿಸಿದ್ದಾರೆ. ಎರಡನೆಯದರಿಂದ ಶುರು, ಆಮೇಲೆ ‘ದ ಗುಡ್, ದ ಬ್ಯಾಡ್ ಅಂಡ್ ದ ಅಗ್ಲಿ’ ಮತ್ತೊಮ್ಮೆ, ಈ ಸಲ ಕಣ್ಣು ಮುಚ್ಚಲಿಲ್ಲ. ಹಿಂದಕ್ಕೆ ಹೋಗಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’, ನಡುವೆ ಒಂದು ಭಾನುವಾರ ಮಧ್ಯಾಹ್ನ ‘ಜಾಂಗೋ’, ಕಳೆದ ತಿಂಗಳು ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’. ಇನ್ನು ಉಳಿದಿರುವುದು ಹಿಮದ್ದು. ಅದಕ್ಕೆ ಶನಿವಾರ ರಾತ್ರಿ ಬನ್ನಿ ಅಂದಿದ್ದೇನೆ. ಅದಾದ ಮೇಲೆ ಒಬ್ಬರೇ ಮನೆಗೆ ಹೋಗುವುದು ಬೇಡ, ಇಲ್ಲೇ ಮಲಗಿ ಅಂತ ಅಕ್ಕನಿಗೂ ಫೋನ್ ಮಾಡಿ ಹೇಳಿದ್ದೇನೆ.